ಕಾರ್ಡ್‌ನ ಪಾಯಿಂಟ್‌ನಿಂದ ಓದಿನ ಸಾಲ ತೀರೀತೇ?

ಹಾನಗಲ್: ಭತ್ತ, ಗೋವಿನಜೋಳ ಹಾಗೂ ಮಾವನ್ನು ನೆಚ್ಚಿಕೊಂಡ ಈ ತಾಲ್ಲೂಕಿನಿಂದ ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿನ ಕಾಲೇಜುಗಳಿಗೆ ಹೋಗುವ ಮಕ್ಕಳ ಹಿಂದೆ ಬಹುತೇಕ ಒಂದು ಸಾಲದ ಖಾತೆಯೂ ಇರುತ್ತದೆ. ಸಾಲ ಮಗನ ಅಥವಾ ಮಗಳ ಹೆಸರಿನಲ್ಲಿ. ಸಹ ಸಾಲಗಾರನಾಗಿ ಸಹಿ ಹಾಕಿದವರು ಊರಿನಲ್ಲಿರುವ ತಂದೆ. ಓದು ಮುಗಿದು ನೌಕರಿ ಸಿಕ್ಕ ಕೂಡಲೇ ಎರಡು ಸಂಗತಿಗಳು ಹೆಚ್ಚುಕಡಿಮೆ ಒಟ್ಟಿಗೇ ಎದುರಾಗುತ್ತವೆ. ಒಂದು, ಸಾಲದ ಮೊದಲ ಕಂತು. ಇನ್ನೊಂದು, ಸಂಬಳದ ಖಾತೆಯಿರುವ ಬ್ಯಾಂಕಿನಿಂದ ಕ್ರೆಡಿಟ್ ಕಾರ್ಡ್ ಕೊಡುವುದಾಗಿ ಬರುವ ದೂರವಾಣಿ ಕರೆ.

ಖರ್ಚು ಮಾಡಿದಷ್ಟೂ ರಿವಾರ್ಡ್ ಪಾಯಿಂಟ್ ಸಿಗುವುದಾದರೆ, ಹೇಗೂ ಕಟ್ಟಲೇಬೇಕಾದ ಸಾಲದ ಕಂತನ್ನು ಕಾರ್ಡ್‌ನಿಂದಲೇ ಕಟ್ಟಿ ಲಾಭ ಮಾಡಿಕೊಳ್ಳಬಾರದೇಕೆ ಎಂಬ ಯೋಚನೆ ಆಗ ಸಹಜವಾಗಿಯೇ ಮೂಡುತ್ತದೆ. ಯೋಚನೆ ಜಾಣತನದ್ದೆಂದು ತೋರಿದರೂ ಲೆಕ್ಕ ಬೇರೆಯನ್ನೇ ಹೇಳುತ್ತದೆ.

ಎರಡು ಸಾಲ, ಎರಡು ಸ್ವಭಾವ

ಭಾರತೀಯ ಬ್ಯಾಂಕುಗಳ ಸಂಘ 2001ರಲ್ಲಿ ರೂಪಿಸಿದ ಮಾದರಿ ಯೋಜನೆಯೇ ದೇಶದ ಶೈಕ್ಷಣಿಕ ಸಾಲಗಳಿಗೆ ಆಧಾರ. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿ ಅಡವು ಬೇಕಿಲ್ಲ. ಓದಿನ ಅವಧಿ ಹಾಗೂ ನಂತರದ ಒಂದು ವರ್ಷ ಕಂತಿಗೆ ಬಿಡುವು. ಈ ಅವಧಿಯಲ್ಲಿ ಸರಳ ಬಡ್ಡಿ ಮಾತ್ರ. ಆ ಬಳಿಕ ಗರಿಷ್ಠ 15 ವರ್ಷಗಳಲ್ಲಿ ಮರುಪಾವತಿ. ಅಂದರೆ ಇದು ಸಾವಕಾಶವಾಗಿ ತೀರಿಸಲೆಂದೇ ಕೊಟ್ಟ ಸಾಲ.

ಕ್ರೆಡಿಟ್ ಕಾರ್ಡ್ ಇದಕ್ಕೆ ತದ್ವಿರುದ್ಧ. ಬಿಲ್ಲಿನ ಪೂರ್ತಿ ಮೊತ್ತವನ್ನು ಗಡುವಿನೊಳಗೆ ಕಟ್ಟಿದರೆ ಖರೀದಿಗಳಿಗೆ ಬಡ್ಡಿಯಿಲ್ಲ. ಕಟ್ಟದಿದ್ದರೆ ತಿಂಗಳಿಗೆ ಶೇ.3.5ರ ಆಸುಪಾಸಿನಲ್ಲಿ, ಅಂದರೆ ವರ್ಷಕ್ಕೆ ಶೇ.42ರಷ್ಟು ಬಡ್ಡಿ ವಿಧಿಸುವ ಕಾರ್ಡ್‌ಗಳು ಸಾಮಾನ್ಯ. ಆ ಬಡ್ಡಿಯ ಮೇಲೆ ಶೇ.18ರ ಜಿಎಸ್‌ಟಿ ಬೇರೆ. ವರ್ಷಕ್ಕೆ ಶೇ.30ನ್ನು ಮೀರಿದ ಕಾರ್ಡ್ ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಆದೇಶಿಸಿತ್ತು. ಆದರೆ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ಆದೇಶವನ್ನು ರದ್ದುಪಡಿಸಿತು. ಹೀಗಾಗಿ ಗ್ರಾಹಕನಿಗೆ ಆ ರಕ್ಷಣೆಯೂ ಇಲ್ಲ.

50 ಸಾವಿರ ರೂಪಾಯಿ ಬಾಕಿಯನ್ನೇ ತೆಗೆದುಕೊಳ್ಳೋಣ. ಶೇ.10ರ ಶೈಕ್ಷಣಿಕ ಸಾಲದಲ್ಲಿ ಅದಕ್ಕೆ ಒಂದು ತಿಂಗಳ ಬಡ್ಡಿ ಸುಮಾರು 417 ರೂಪಾಯಿ. ಅಷ್ಟೇ ಬಾಕಿ ಕಾರ್ಡ್‌ನಲ್ಲಿ ಉಳಿದರೆ ಬಡ್ಡಿ 1,750 ಹಾಗೂ ತೆರಿಗೆ 315, ಒಟ್ಟು 2,065 ರೂಪಾಯಿ. ಹೆಚ್ಚುಕಡಿಮೆ ಐದು ಪಟ್ಟು.

ಅಡ್ಡದಾರಿಗಳ ಲೆಕ್ಕ

ಬ್ಯಾಂಕುಗಳು ಸಾಮಾನ್ಯವಾಗಿ ಸಾಲದ ಕಂತನ್ನು ಕ್ರೆಡಿಟ್ ಕಾರ್ಡ್ ಮೂಲಕ ಸ್ವೀಕರಿಸುವುದಿಲ್ಲ. ಕಂತು ಉಳಿತಾಯ ಖಾತೆಯಿಂದಲೇ ಕಡಿತವಾಗಬೇಕು. ಒಂದು ಸಾಲದಿಂದ ಇನ್ನೊಂದನ್ನು ತೀರಿಸುತ್ತ ಹೋದರೆ ಸುಸ್ತಿಯಾಗುವ ಸಂಭವ ಹೆಚ್ಚು ಎಂಬುದೇ ಇದರ ಹಿಂದಿನ ತರ್ಕ. ಆದರೂ ಕಾರ್ಡ್‌ನ ಮಿತಿಯನ್ನು ನಗದಾಗಿಸಿ ಕಂತು ಕಟ್ಟುವ ಕೆಲವು ಅಡ್ಡದಾರಿಗಳು ಬಳಕೆಯಲ್ಲಿವೆ.

ಮೊದಲನೆಯದು, ಎಟಿಎಂನಲ್ಲಿ ಕಾರ್ಡ್ ಹಾಕಿ ನಗದು ಪಡೆಯುವುದು. ಇದಕ್ಕೆ ಬಡ್ಡಿರಹಿತ ಅವಧಿಯೇ ಇಲ್ಲ. ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ ಆರಂಭ. ಮೇಲೆ ಶೇ.2.5 ಅಥವಾ ಕನಿಷ್ಠ 500 ರೂಪಾಯಿ ಶುಲ್ಕ ವಿಧಿಸುವ ಕಾರ್ಡ್‌ಗಳು ಅನೇಕ. ನಗದಿಗೆ ಪಾಯಿಂಟ್ ಸಿಗುವುದಿಲ್ಲ.

ಎರಡನೆಯದು, ಪರಿಚಯದ ಅಂಗಡಿಯಲ್ಲಿ ಖರೀದಿ ಮಾಡಿದಂತೆ ಕಾರ್ಡ್ ಉಜ್ಜಿ, ಅಂಗಡಿಯವರಿಗೆ ಒಂದಿಷ್ಟು ಕಮಿಷನ್ ಬಿಟ್ಟು, ಉಳಿದ ಹಣ ಪಡೆಯುವುದು. ಇದು ಕಾರ್ಡ್‌ನ ಷರತ್ತುಗಳಿಗೆ ವಿರುದ್ಧ. ಪತ್ತೆಯಾದರೆ ಕಾರ್ಡ್ ರದ್ದಾಗಬಹುದು, ಪಾಯಿಂಟ್‌ಗಳೂ ಹೋಗಬಹುದು. 2022ರಿಂದ ರುಪೇ ಕ್ರೆಡಿಟ್ ಕಾರ್ಡ್‌ಗಳನ್ನು ಯುಪಿಐಗೆ ಜೋಡಿಸಲು ಅವಕಾಶವಿದೆ. ಆದರೆ ಅದು ವ್ಯಾಪಾರಿಗಳಿಗೆ ಪಾವತಿಸಲು ಮಾತ್ರ, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕಳಿಸಲು ಅಲ್ಲ.

ಮೂರನೆಯದು, ಶುಲ್ಕ ಪಡೆದು ಕಾರ್ಡ್‌ನಿಂದ ಬ್ಯಾಂಕ್ ಖಾತೆಗೆ ಹಣ ವರ್ಗಾಯಿಸಿಕೊಡುವ ಮೊಬೈಲ್ ಆ್ಯಪ್‌ಗಳು. ಮನೆ ಬಾಡಿಗೆಯ ನೆಪದಲ್ಲಿ ಈ ದಾರಿ ಹಿಡಿದವರೂ ಇದ್ದರು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪಾವತಿ ಮಧ್ಯವರ್ತಿ ಸಂಸ್ಥೆಗಳ ನಿಯಮಗಳನ್ನು ಬಿಗಿಗೊಳಿಸಿದ ಬಳಿಕ ಹಲವು ಆ್ಯಪ್‌ಗಳು ಕಾರ್ಡ್‌ನಿಂದ ಬಾಡಿಗೆ ಕಟ್ಟುವ ಸೌಲಭ್ಯವನ್ನು ನಿಲ್ಲಿಸಿದವು.

ಈ ದಾರಿ ತೆರೆದಿದೆ ಎಂದೇ ಇಟ್ಟುಕೊಂಡರೂ ಲಾಭವಿಲ್ಲ. ಶೇ.10ರ ಬಡ್ಡಿಯಲ್ಲಿ 4 ಲಕ್ಷ ರೂಪಾಯಿ ಸಾಲವನ್ನು 10 ವರ್ಷಗಳಲ್ಲಿ ತೀರಿಸಲು ಮಾಸಿಕ ಕಂತು 5,286 ರೂಪಾಯಿ. ಶೇ.2ರ ಶುಲ್ಕ, ಅದರ ಮೇಲಿನ ತೆರಿಗೆ ಸೇರಿ 125 ರೂಪಾಯಿ ಖರ್ಚು. ಶೇ.1ರ ಲೆಕ್ಕದಲ್ಲಿ ಪಾಯಿಂಟ್ ಸಿಕ್ಕರೂ ಅದರ ಬೆಲೆ 53 ರೂಪಾಯಿ. ತಿಂಗಳಿಗೆ 72 ರೂಪಾಯಿ ಕೈಯಿಂದ ಹೋಯಿತು. ಇಂತಹ ವರ್ಗಾವಣೆಗೆ ಪಾಯಿಂಟ್ ನೀಡದ ಕಾರ್ಡ್‌ಗಳೂ ಇವೆ ಎಂಬುದು ಗಮನಾರ್ಹ.

ಅಮೆರಿಕದ ಮಾದರಿ

ಕಾರ್ಡ್‌ನ ಪ್ರತಿಫಲವನ್ನು ಓದಿನ ಸಾಲಕ್ಕೆ ಜೋಡಿಸುವ ಕಲ್ಪನೆ ಹೆಚ್ಚು ಪ್ರಚಾರ ಪಡೆದದ್ದು ಅಮೆರಿಕದಲ್ಲಿ. ಅಲ್ಲಿನ ಸ್ಯಾಲಿ ಮೇ ಎಂಬ ಶೈಕ್ಷಣಿಕ ಸಾಲ ಸಂಸ್ಥೆ 2019ರಲ್ಲಿ, ಕ್ಯಾಶ್‌ಬ್ಯಾಕ್ ಹಣವನ್ನು ವಿದ್ಯಾರ್ಥಿ ಸಾಲಕ್ಕೆ ಕಟ್ಟಿದವರಿಗೆ ಹೆಚ್ಚುವರಿ ಪ್ರತಿಫಲ ನೀಡುವ ಕಾರ್ಡನ್ನು ಹೊರತಂದಿತ್ತು. ಆದರೆ ಅಲ್ಲಿಯೂ ಸಾಲಕ್ಕೆ ಹೋಗುತ್ತಿದ್ದುದು ಮನೆಯ ಇತರ ಖರ್ಚುಗಳಿಂದ ಗಳಿಸಿದ ಕ್ಯಾಶ್‌ಬ್ಯಾಕ್. ಸಾಲದ ಕಂತನ್ನೇ ಕಾರ್ಡ್ ಮೇಲೆ ಹಾಕುವ ಏರ್ಪಾಡು ಅದಾಗಿರಲಿಲ್ಲ. ಈ ವ್ಯತ್ಯಾಸದಲ್ಲೇ ಇಲ್ಲಿನವರಿಗೂ ಅನ್ವಯಿಸುವ ಪಾಠವಿದೆ.

ಸರಿಯಾದ ದಾರಿ

ಕಾರ್ಡನ್ನು ಕಂತಿಗೆ ಬಳಸದೆ, ಹೇಗೂ ಆಗುವ ದಿನಸಿ, ವಿದ್ಯುತ್ ಬಿಲ್, ಪ್ರಯಾಣದ ಖರ್ಚಿಗಷ್ಟೇ ಬಳಸಿ, ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟುವವರಿಗೆ ಮಾತ್ರ ಪಾಯಿಂಟ್ ನಿಜವಾದ ಗಳಿಕೆ. ತಿಂಗಳಿಗೆ 15 ಸಾವಿರ ರೂಪಾಯಿ ಖರ್ಚಿಗೆ ಶೇ.1ರಂತೆ 150 ರೂಪಾಯಿ ಕ್ಯಾಶ್‌ಬ್ಯಾಕ್ ದೊರೆತು, ಅದನ್ನು ಮೇಲೆ ಹೇಳಿದ 4 ಲಕ್ಷದ ಸಾಲಕ್ಕೆ ಕಂತಿನ ಜೊತೆ ಹೆಚ್ಚುವರಿಯಾಗಿ ಕಟ್ಟಿದರೆ ಸಾಲ ಐದು ತಿಂಗಳು ಮೊದಲೇ ತೀರುತ್ತದೆ. ಬಡ್ಡಿಯಲ್ಲಿ ಸುಮಾರು 12 ಸಾವಿರ ರೂಪಾಯಿ ಉಳಿಯುತ್ತದೆ.

ಇದಕ್ಕೆ ಮೂರು ಷರತ್ತುಗಳಿವೆ. ಕಾರ್ಡ್‌ನ ವಾರ್ಷಿಕ ಶುಲ್ಕ ಗಳಿಕೆಯನ್ನು ನುಂಗುವಂತಿರಬಾರದು. ಪಾಯಿಂಟ್ ಆಸೆಗೆ ಖರ್ಚು ಏರಬಾರದು. ಹೆಚ್ಚುವರಿ ಹಣ ಅಸಲಿಗೆ ಜಮೆಯಾಗಿದೆಯೇ ಎಂದು ಸಾಲದ ಖಾತೆಯ ವಿವರ ಪಡೆದು ನೋಡಬೇಕು. ಒಂದು ತಿಂಗಳು ಕನಿಷ್ಠ ಮೊತ್ತ ಮಾತ್ರ ಕಟ್ಟಿದರೂ ಬಡ್ಡಿರಹಿತ ಅವಧಿ ತಪ್ಪಿ, ಹೊಸ ಖರೀದಿಗೂ ಬಡ್ಡಿ ಬೀಳುತ್ತದೆ. ಬಾಕಿ ಉಳಿದ 15 ಸಾವಿರಕ್ಕೆ ಒಂದೇ ತಿಂಗಳಿಗೆ ಬೀಳುವ ಬಡ್ಡಿ ಮತ್ತು ತೆರಿಗೆ ಸುಮಾರು 620 ರೂಪಾಯಿ. ನಾಲ್ಕು ತಿಂಗಳ ಕ್ಯಾಶ್‌ಬ್ಯಾಕ್ ಅಲ್ಲಿಗೆ ಮುಗಿಯಿತು.

ಪಾಯಿಂಟ್‌ಗಿಂತ ದೊಡ್ಡ ಉಳಿತಾಯ

ಕಾರ್ಡ್‌ನ ಹಂಗಿಲ್ಲದೆ ಇದಕ್ಕಿಂತ ಹೆಚ್ಚು ಉಳಿಸುವ ಮಾರ್ಗಗಳಿವೆ. ಓದಿನ ಅವಧಿಯಲ್ಲೇ ಬಡ್ಡಿಯನ್ನು ಕಟ್ಟುತ್ತ ಬಂದವರಿಗೆ ಶೇ.1ರವರೆಗೆ ಬಡ್ಡಿ ರಿಯಾಯಿತಿ ನೀಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಈ ರಿಯಾಯಿತಿ ಇದೆಯೇ ಎಂದು ಸಾಲ ಪಡೆಯುವಾಗಲೇ ಕೇಳುವುದು ಒಳಿತು.

ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದ ಕುಟುಂಬಗಳ ಮಕ್ಕಳ ವೃತ್ತಿಪರ ಹಾಗೂ ತಾಂತ್ರಿಕ ಶಿಕ್ಷಣದ ಸಾಲಕ್ಕೆ, ಬಿಡುವಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಲ್ಲಿ ಆರಂಭವಾಯಿತು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ, ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಓದುವ, 8 ಲಕ್ಷ ರೂಪಾಯಿವರೆಗೆ ಆದಾಯವುಳ್ಳ ಕುಟುಂಬಗಳ ವಿದ್ಯಾರ್ಥಿಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಬಿಡುವಿನ ಅವಧಿಯಲ್ಲಿ ಶೇ.3ರ ಬಡ್ಡಿ ಸಹಾಯಧನ ದೊರೆಯುತ್ತದೆ.

ರಾಜ್ಯದ ಹಿಂದುಳಿದ ವರ್ಗಗಳ ಹಾಗೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲಕ್ಕೆ ಬಡ್ಡಿ ಕೇವಲ ಶೇ.2. ಅಂತಹ ಸಾಲವನ್ನು ಶೇ.42ರ ಕಾರ್ಡ್‌ಗೆ ವರ್ಗಾಯಿಸುವುದಕ್ಕಿಂತ ದುಬಾರಿ ತಪ್ಪು ಇನ್ನೊಂದಿರಲಾರದು. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಶೈಕ್ಷಣಿಕ ಸಾಲಕ್ಕೆ ಕಟ್ಟಿದ ಬಡ್ಡಿಯ ಮೇಲೆ 8 ವರ್ಷಗಳವರೆಗೆ ಆದಾಯ ತೆರಿಗೆ ವಿನಾಯಿತಿಯೂ ಇದೆ. ಕಾರ್ಡ್ ಬಾಕಿಗೆ ಕಟ್ಟಿದ ಬಡ್ಡಿಗೆ ಅದು ಅನ್ವಯಿಸದು.

ಊರಿನಲ್ಲಿರುವ ಸಹಿ

ಬೆಂಗಳೂರಿನಲ್ಲಿ ಕಂತು ತಪ್ಪಿದರೆ ಅದರ ಬಿಸಿ ಹಾನಗಲ್ಲಿಗೂ ತಟ್ಟುತ್ತದೆ. ಸಹ ಸಾಲಗಾರನಾದ ತಂದೆಯ ಸಾಲ ಇತಿಹಾಸದಲ್ಲೂ ಸುಸ್ತಿ ದಾಖಲಾಗುತ್ತದೆ. ಮುಂದೆ ಟ್ರ್ಯಾಕ್ಟರ್‌ಗೋ ಕೊಳವೆಬಾವಿಗೋ ಸಾಲ ಕೇಳಿದಾಗ ಬ್ಯಾಂಕ್ ನೋಡುವುದು ಅದನ್ನೇ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕಿದ್ದು, ತಂದೆ, ಮಕ್ಕಳಿಬ್ಬರೂ ಅದನ್ನು ತೆಗೆಸಿ ನೋಡುವುದು ಸೂಕ್ತ.

ಈ ಭಾಗದ ಗ್ರಾಹಕರಿಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಧಾರವಾಡ ಕೇಂದ್ರವಾಗಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ವಿಲೀನಗೊಂಡು, ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಹೊಂದಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಅಲ್ಲಿ ಸಾಲ ಪಡೆದು ಬೇರೆ ಊರಿನಿಂದ ಕಂತು ಕಟ್ಟುತ್ತಿರುವವರು ಸ್ವಯಂ ಕಡಿತದ ವ್ಯವಸ್ಥೆ ಸರಿಯಾಗಿದೆಯೇ ಎಂದು ಶಾಖೆಯಲ್ಲಿ ಖಚಿತಪಡಿಸಿಕೊಳ್ಳಬಹುದು.

ಸಂಬಳ ಬಂದ ಮರುದಿನವೇ ಕಂತು ಕಡಿತವಾಗುವಂತೆ ದಿನಾಂಕ ಹೊಂದಿಸಿಕೊಂಡು, ಉಳಿದ ಹಣದಲ್ಲಿ ಕಾರ್ಡ್ ಬಿಲ್ ಪೂರ್ತಿ ಕಟ್ಟಬಲ್ಲವರಿಗೆ ಪಾಯಿಂಟ್ ಒಂದು ಸಣ್ಣ ಲಾಭ. ಕಂತಿಗೇ ಹಣ ಸಾಲದವರು ಕಾರ್ಡ್ ಹೊರತೆಗೆಯುವ ಬದಲು ಸಾಲ ಕೊಟ್ಟ ಶಾಖೆಗೆ ಹೋಗಿ ಅವಧಿ ವಿಸ್ತರಣೆ ಕೇಳುವುದೇ ಮೇಲು. ಕಂತು ತಪ್ಪುವ ಮೊದಲೇ ಹೋದರೆ ಬ್ಯಾಂಕಿನ ಮುಂದೆ ಆಯ್ಕೆಗಳು ಹೆಚ್ಚಿರುತ್ತವೆ.