ಅಣ್ಣಿಗೇರಿಯ ರುಂಡಗಳು ಯಾರವು?

2010ರ ಆಗಸ್ಟ್‌ನಲ್ಲಿ, ಆಗ ನವಲಗುಂದ ತಾಲ್ಲೂಕಿಗೆ ಸೇರಿದ್ದ ಅಣ್ಣಿಗೇರಿಯಲ್ಲಿ ಗಟಾರ ತೋಡುವಾಗ ಮನುಷ್ಯರ ತಲೆಬುರುಡೆಗಳು ಸಿಕ್ಕವು. ಮಣ್ಣು ಬಿಡಿಸಿದಷ್ಟೂ ಬುರುಡೆಗಳೇ. ಎಣಿಕೆ 600ರ ಹತ್ತಿರ ಹೋಯಿತು. ಯಾರೋ ರುಂಡಗಳನ್ನು ತಂದು ಸಾಲಾಗಿ ಇಟ್ಟಂತಿತ್ತು. ಕಡಿದು ತಂದವೋ, ಸತ್ತುಬಿದ್ದವರವನ್ನು ಆಯ್ದು ತಂದವೋ?

ಯುದ್ಧದ ಊಹೆ ಇಲ್ಲಿ ಸುಲಭಕ್ಕೆ ಹುಟ್ಟುತ್ತದೆ. ಬೆಳ್ವೊಲ ಮುನ್ನೂರು ಎಂಬ ಹಳೆಯ ನಾಡಿಗೆ ರಾಜಧಾನಿಯಾಗಿದ್ದ ಊರಿದು. ಚೋಳ ದೊರೆ ಈ ನಾಡಿನ ಬಸದಿಗಳನ್ನು ಸುಟ್ಟನೆಂದೂ, ಆಮೇಲೆ ಚಾಲುಕ್ಯ ಸೋಮೇಶ್ವರನೊಡನೆ ಕಾದಿ ತಲೆ ಕೊಟ್ಟನೆಂದೂ 1071–72ರ ಗಾವರವಾಡ, ಅಣ್ಣಿಗೇರಿ ಶಾಸನಗಳು ಹೇಳುತ್ತವೆ. ಆದರೆ ಈ ಬುರುಡೆಗಳು ಅಷ್ಟು ಹಳೆಯವಲ್ಲ. ಭುವನೇಶ್ವರದ ಭೌತವಿಜ್ಞಾನ ಸಂಸ್ಥೆ ಇಂಗಾಲ ಪರೀಕ್ಷೆ ಮಾಡಿ 2011ರಲ್ಲಿ ಹೇಳಿದ್ದು 638 ವರ್ಷ, 60 ವರ್ಷ ಹಿಂದೆ ಮುಂದೆ. ಆ ಅವಧಿಯಲ್ಲಿ ವಿಜಯನಗರ–ಬಹಮನಿ ಕಾಳಗಗಳೂ ಬರುತ್ತವೆ, 1396ರಿಂದ ದಖ್ಖನನ್ನು ಸುಟ್ಟ ದುರ್ಗಾದೇವಿ ಬರವೂ ಬರುತ್ತದೆ.

ಕತ್ತಿಯೋ ಬರವೋ ಎಂಬುದನ್ನು ಎಲುಬನ್ನೇ ಕೇಳಬೇಕು. ಹಸಿ ತಲೆಯನ್ನು ಕಡಿದರೆ ಕೆಳದವಡೆಯೂ ಕುತ್ತಿಗೆಯ ಮೇಲಿನ ಮಣಿಗಳೂ ಅದರ ಜೊತೆಗೇ ಬರುತ್ತವೆ, ಮಣಿಗಳ ಮೇಲೆ ಕತ್ತಿಯ ಗುರುತು ಉಳಿಯುತ್ತದೆ. ಕೊಳೆತ ಮೇಲೆ ಆಯ್ದ ಬುರುಡೆಯ ದವಡೆ ಸಾಮಾನ್ಯವಾಗಿ ಕಳಚಿಹೋಗಿರುತ್ತದೆ. ಜರ್ಮನಿಯ ಟಾಲ್‌ಹೈಮ್‌ನಲ್ಲಿ 1983ರಲ್ಲಿ ಸಿಕ್ಕ, ಸುಮಾರು 7000 ವರ್ಷ ಹಿಂದಿನ ಗುಂಡಿಯ ಕಥೆ ಬಿಚ್ಚಿಕೊಂಡದ್ದು ಹೀಗೆ ಎಲುಬುಗಳಿಂದಲೇ. ಅಲ್ಲಿ 34 ಜನ, ಮಕ್ಕಳೂ ಸೇರಿ. ಹಲವರ ತಲೆಯ ಹಿಂಭಾಗಕ್ಕೆ ಕಲ್ಲುಬಾಚಿಯ ಏಟು. ಅರಸರಾಗಲಿ ಸೈನ್ಯವಾಗಲಿ ಇಲ್ಲದ ಬೇಸಾಯಗಾರರ ಕಾಲದಲ್ಲೇ ಸಾಮೂಹಿಕ ಕೊಲೆ ಇತ್ತೆಂಬುದಕ್ಕೆ ಅದು ಸಾಕ್ಷಿ.

ನನ್ನನ್ನು ಹೆಚ್ಚು ಕಾಡುವುದು ಹಲ್ಲುಗಳು. ಎಳವೆಯಲ್ಲಿ ಹಸಿದ, ಕಾಯಿಲೆಬಿದ್ದ ಮಗುವಿನ ಹಲ್ಲಿನ ಹೊರಪದರ ಬೆಳೆಯುವುದು ನಿಂತು ಅಡ್ಡಗೆರೆ ಬೀಳುತ್ತದೆ, ಸಾಯುವತನಕ ಅಳಿಯುವುದಿಲ್ಲ. ಬರ ಎಲ್ಲರನ್ನೂ ಒಂದೇ ಸಮನೆ ಕೊಲ್ಲುವುದಿಲ್ಲ. ಹಗೇವಿನಲ್ಲಿ ಜೋಳ ತುಂಬಿಟ್ಟ ಮನೆ ಬದುಕುತ್ತದೆ, ಕೂಲಿಯ ಮೇಲೆ ನಿಂತ ಮನೆ ಮೊದಲು ಬೀಳುತ್ತದೆ. 600 ತಲೆಗಳಲ್ಲಿ ಹೆಚ್ಚಿನವು ಗೆರೆಬಿದ್ದ ಹಲ್ಲಿನವಾದರೆ, ಕತ್ತಿಯೋ ಬರವೋ ಬರುವ ಮೊದಲೇ ಅವರ ಪಾಲಿನ ಅನ್ಯಾಯ ಶುರುವಾಗಿತ್ತೆಂದು ತಿಳಿಯುತ್ತದೆ.

ಅಣ್ಣಿಗೇರಿಯ ಸುತ್ತಲಿನ ಧಾರವಾಡದ ಹಳ್ಳಿಗಳಲ್ಲಿ ವೀರಗಲ್ಲುಗಳಿಗೇನೂ ಕೊರತೆಯಿಲ್ಲ. ತುರು ಕಾಯ್ದು ಸತ್ತವನು ಕಲ್ಲಿನಲ್ಲಿ ಅಪ್ಸರೆಯರ ಜೊತೆ ಸ್ವರ್ಗಕ್ಕೇರುತ್ತಾನೆ. ಬಸದಿಗೆ ಭೂಮಿ ಬಿಟ್ಟವನ ಹೆಸರು ಶಾಸನದಲ್ಲಿ ನಿಲ್ಲುತ್ತದೆ. ಈ ತಲೆಗಳ ಪಾಲಿಗೆ ಉಳಿದದ್ದು ಹಲ್ಲು ಮತ್ತು ಎಲುಬು ಮಾತ್ರ. ಅವನ್ನು ಒಂದೊಂದಾಗಿ ಓದುವ ಕೆಲಸ ಇತಿಹಾಸದ ಕೆಲಸವೇ, ಶಾಸನ ಓದುವಷ್ಟೇ ಮುಖ್ಯವಾದದ್ದು.