ಆಟದ ಕಂಪ್ಯೂಟರಿಗೆ ಹದಿನಾರಾಣೆಯ ಹಂಚಿಕೆ

ಗೇಮಿಂಗ್ ಕಂಪ್ಯೂಟರು ಬೇಕೆಂಬ ಬೇಡಿಕೆ ಇಂದು ನಮ್ಮ ಬಂಧುಗಳ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಕೇಳುವವನು ಕಾಲೇಜಿಗೆ ಹೋಗುವ ಮಗನಾಗಿರಬಹುದು. ಹೊಟೇಲಿನ ಕೆಲಸ ಮುಗಿಸಿ ಬಂದು ಕೊಂಚ ವಿನೋದವನ್ನು ಬಯಸುವ ತಮ್ಮನಾಗಿರಬಹುದು. ಆಟವೆಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ಒಂದನ್ನು ನೆನೆಯಬೇಕು. ಆಟವಾಡಿಸುವ ಯಂತ್ರವೇ ಲೆಕ್ಕಪತ್ರ ಬರೆಯಲಿಕ್ಕೂ ವಿದ್ಯಾಭ್ಯಾಸಕ್ಕೂ ಒದಗುತ್ತದೆ. ಆದರೆ ಅದಕ್ಕೆ ತಗಲುವ ಹಣ ಗುಮಾಸ್ತನೊಬ್ಬನ ಹಲವು ತಿಂಗಳ ಉಳಿತಾಯ. ಅದು ವ್ಯರ್ಥವಾಗದಂತೆ ನೋಡಿಕೊಳ್ಳುವುದು ಹೇಗೆಂಬುದೇ ಈ ಲೇಖನದ ವಿಷಯ.

ಮುಂಬಯಿಯವರಿಗೆ ಗ್ರಾಂಟ್ ರೋಡಿನ ಬಳಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯವರಿಗೆ ನೆಹರೂ ಪ್ಲೇಸ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್ ಈ ಸಾಮಾನಿನ ಪ್ರಸಿದ್ಧ ಪೇಟೆಗಳು. ಅಲ್ಲಿ ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಳ್ಳಬಹುದು. ಅಂಗಡಿಯವರೇ ಕೂಡಿಸಿಟ್ಟ ಸೆಟ್ಟನ್ನೂ ಕೊಳ್ಳಬಹುದು. ಸೆಟ್ಟಿನಲ್ಲಿ ಪ್ರೊಸೆಸರಿನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಉಳಿದ ಭಾಗಗಳ ವಿಷಯದಲ್ಲಿ ಮೌನ ವಹಿಸುವುದುಂಟು. ಮೋಸಕ್ಕೆ ಎಡೆಯಿರುವುದು ಆ ಮೌನದಲ್ಲಿಯೇ.

ಅಡುಗೆಮನೆಯನ್ನು ಬಲ್ಲ ನಮ್ಮ ಜನರಿಗೆ ಈ ಯಂತ್ರದ ಮರ್ಮ ತಿಳಿಯುವುದು ಕಷ್ಟವಲ್ಲ. ಪ್ರೊಸೆಸರು ಎಲ್ಲರಿಗೂ ಕೆಲಸ ಹೇಳುವ ಮುಖ್ಯ ಭಟ್ಟರಿದ್ದಂತೆ. ಗ್ರಾಫಿಕ್ಸ್ ಕಾರ್ಡು, ಒಂದೇ ಕಾಲಕ್ಕೆ ಹಲವು ದೋಸೆಗಳನ್ನು ಹುಯ್ಯುವ ದೊಡ್ಡ ಕಾವಲಿ. ತೆರೆಯ ಲಕ್ಷಾಂತರ ಚುಕ್ಕೆಗಳಿಗೆ ಬಣ್ಣ ತುಂಬುವುದು ಅದರ ಕೆಲಸ. ರ‍್ಯಾಮ್ ಎಂಬುದು ಕೈಗೆಟಕುವ ಮೇಜು, ಎಸ್‌ಎಸ್‌ಡಿ ಉಗ್ರಾಣ, ವಿದ್ಯುತ್ತನ್ನು ಹದಮಾಡಿ ಹಂಚುವ ಎಸ್‌ಎಂಪಿಎಸ್ ಒಲೆಯ ಗ್ಯಾಸು. ಭಟ್ಟರು ಎಷ್ಟೇ ಸಮರ್ಥರಾಗಿರಲಿ, ಕಾವಲಿ ಅಂಗೈಯಗಲವಿದ್ದರೆ ಗಿರಾಕಿ ಕಾಯಲೇಬೇಕು. ಆದುದರಿಂದ ಭಾಗಗಳಲ್ಲಿ ಉತ್ತಮವಾದುದು ಯಾವುದು ಎನ್ನುವುದಕ್ಕಿಂತ ಒಂದಕ್ಕೊಂದು ಹೊಂದುವುದು ಯಾವುದು ಎಂದು ಕೇಳುವುದೇ ಜಾಣತನ.

ಮೊದಲು ನಿಶ್ಚಯಿಸಬೇಕಾದುದು ಮಾನಿಟರು. ಅಡ್ಡ 1920, ಉದ್ದ 1080 ಚುಕ್ಕೆಗಳ ತೆರೆಯಲ್ಲಿ ಒಟ್ಟು ಸುಮಾರು 20 ಲಕ್ಷ ಚುಕ್ಕೆಗಳಿವೆ. 2560ಕ್ಕೆ 1440ರ ತೆರೆಯಲ್ಲಿ ಸುಮಾರು 37 ಲಕ್ಷ. ತೆರೆ ಬೆಳೆದಂತೆ ಕಾರ್ಡಿನ ದುಡಿಮೆಯೂ ಖರ್ಚೂ ಬೆಳೆಯುತ್ತವೆ. ಮಧ್ಯಮ ತರಗತಿಯ ಯಂತ್ರಕ್ಕೆ ಮೊದಲನೆಯದು ಧಾರಾಳವಾಗಿ ಸಾಕು.

ಮಾನಿಟರಿನ ಬೆಲೆಯನ್ನು ಬೇರೆಯಾಗಿ ತೆಗೆದಿರಿಸಿ, ಉಳಿದ ಹಣವನ್ನು ಹಳೆಯ ಲೆಕ್ಕದಂತೆ ಹದಿನಾರಾಣೆಯೆಂದು ಎಣಿಸೋಣ. ಗ್ರಾಫಿಕ್ಸ್ ಕಾರ್ಡಿಗೆ ಆರಾಣೆ, ಪ್ರೊಸೆಸರಿಗೆ ಮೂರಾಣೆ, ಮದರ್‌ಬೋರ್ಡಿಗೆ ಎರಡಾಣೆ, ರ‍್ಯಾಮಿಗೆ ಎರಡಾಣೆ. ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್ಟು ಇವುಗಳಿಗೆ ಒಂದೊಂದಾಣೆ. ಇದು ನಮ್ಮ ಅಂದಾಜು. ದಿನದ ಧಾರಣೆಯನ್ನು ನೋಡಿ ಸರಿಪಡಿಸಿಕೊಳ್ಳತಕ್ಕದ್ದು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆ ವಿಪರೀತ ಏರಿತು. ಅಂತಹ ಸಮಯದಲ್ಲಿ ಕೊರತೆ ಬಿದ್ದ ಹಣವನ್ನು ಕ್ಯಾಬಿನೆಟ್ಟಿನ ಅಲಂಕಾರದಿಂದಲೋ ಬಣ್ಣದ ದೀಪಗಳಿಂದಲೋ ತೆಗೆಯಬೇಕೇ ಹೊರತು ಎಸ್‌ಎಂಪಿಎಸ್‌ನಿಂದಲ್ಲ.

ಕಾರ್ಡನ್ನು ಕೊಳ್ಳುವಾಗ ಹೆಸರನ್ನಷ್ಟೇ ನೋಡಿದರೆ ಸಾಲದು. 2025ರಲ್ಲಿ ಹೊರಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಜಿಬಿ, 16 ಜಿಬಿ ಎಂಬ ಎರಡೆರಡು ವಿಧಗಳಲ್ಲಿವೆ. ಹೆಸರೊಂದೇ, ಹೊಟ್ಟೆ ಬೇರೆ. ಕೆಲವು ಹೊಸ ಆಟಗಳಿಗೆ 8 ಜಿಬಿ ಸಾಲದೆ ಚಿತ್ರ ತಡವರಿಸುತ್ತದೆ. ಹಲವು ವರ್ಷ ಬಾಳಬೇಕೆನ್ನುವವರು 16 ಜಿಬಿಯದಕ್ಕೆ ಹಣ ಕೂಡಿಸುವುದು ಲೇಸು. ಬಿಲ್ಲಿನಲ್ಲಿ ಆ ಸಂಖ್ಯೆಯನ್ನು ಬರೆಯಿಸಿಕೊಳ್ಳುವುದನ್ನು ಮರೆಯಬಾರದು.

ಪ್ರೊಸೆಸರಿನಲ್ಲಿ ಆರು ಕೋರುಗಳಿದ್ದರೆ ಮಧ್ಯಮ ಯಂತ್ರಕ್ಕೆ ತೃಪ್ತಿಕರ. ಎಎಂಡಿಯ ರೈಜೆನ್ 5 7600 ಅಂತಹುದೊಂದು. ಅದು ಕೂರುವ ಎಎಂ5 ಎಂಬ ಸಾಕೆಟ್ಟು 2022ರಲ್ಲಿ ಬಂದದ್ದು. ಡಿಡಿಆರ್5 ರ‍್ಯಾಮನ್ನಲ್ಲದೆ ಬೇರೆಯದನ್ನು ಒಪ್ಪದು. ಡಿಡಿಆರ್4 ಅಗ್ಗವೆಂದು ತಂದವರು ಹಿಂದಿರುಗಿಸಬೇಕಾದೀತು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಅಕ್ಷರವಿದ್ದರೆ, ಗ್ರಾಫಿಕ್ಸ್ ಕಾರ್ಡಿಲ್ಲದೆ ತೆರೆಯಲ್ಲಿ ಏನೂ ಮೂಡದು. ಕಾರ್ಡನ್ನು ಮುಂದಿನ ಬೋನಸ್ಸಿಗೆ ಕೊಳ್ಳುವೆನೆನ್ನುವವರು ಇದನ್ನು ನೆನಪಿನಲ್ಲಿಡಬೇಕು. ರ‍್ಯಾಮು 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳಾಗಿದ್ದರೆ ವೇಗ ಹೆಚ್ಚು.

ಇನ್ನು ಎಸ್‌ಎಂಪಿಎಸ್. ಜನರು ಅತ್ಯಂತ ಅಲಕ್ಷ್ಯದಿಂದ ಕಾಣುವ ಭಾಗವಿದು. ಆರ್‌ಟಿಎಕ್ಸ್ 5060 ಕಾರ್ಡು 145 ವಾಟ್, ಮೇಲೆ ಹೇಳಿದ ಪ್ರೊಸೆಸರು ಪೂರ್ಣ ದುಡಿಮೆಯಲ್ಲಿ 88 ವಾಟ್. ಉಳಿದವುಗಳನ್ನು ಸೇರಿಸಿದರೂ 300 ವಾಟ್ ಮೀರದು. ಆದರೂ ಕ್ಷಣಕಾಲದ ಏರಿಳಿತಗಳನ್ನೂ ಮುಂದಿನ ಬದಲಾವಣೆಗಳನ್ನೂ ಎಣಿಸಿ 550 ವಾಟಿನದನ್ನು ಕೊಳ್ಳುವುದು ಕ್ಷೇಮಕರ. 80 ಪ್ಲಸ್ ಎಂಬ ಮುದ್ರೆ ವಿದ್ಯುತ್ತಿನ ಮಿತವ್ಯಯವನ್ನು ಮಾತ್ರ ಸಾರುತ್ತದೆ. ಭದ್ರತೆಗಾಗಿ ಹೆಸರುಳ್ಳ ಕಂಪನಿಯನ್ನೂ ಹಲವು ವರ್ಷಗಳ ವಾರಂಟಿಯನ್ನೂ ನೋಡಬೇಕು. ಕ್ಯಾಬಿನೆಟ್ಟಿನೊಡನೆ ಉಚಿತವಾಗಿ ಬರುವ ಅನಾಮಧೇಯ ಪೆಟ್ಟಿಗೆ ಕೆಟ್ಟರೆ ತಾನೊಂದೇ ಕೆಡುವುದಿಲ್ಲ. ಕಾರ್ಡನ್ನೂ ಬೋರ್ಡನ್ನೂ ಜೊತೆಗೆ ಕೊಂಡೊಯ್ಯಬಹುದು. ಒಂದಾಣೆ ಉಳಿಸಲು ಹೋಗಿ ಹದಿನಾರಾಣೆಯನ್ನು ಕಳೆಯುವುದೆಂದರೆ ಇದೇ. ಹಳೆಯ ಚಾಳುಗಳಲ್ಲಿ ವಾಸಿಸುವವರು ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನನಿಂದ ಪರೀಕ್ಷೆ ಮಾಡಿಸುವುದೂ ಅವಶ್ಯ.

ಬಳಸಿದ ಕಾರ್ಡು ಅರ್ಧ ಬೆಲೆಗೆ ಸಿಗುವುದೆಂಬ ಆಸೆ ಸಹಜ. ಈಥೀರಿಯಂ ನಾಣ್ಯವನ್ನು ಕಾರ್ಡುಗಳಿಂದ ಗಣಿ ಮಾಡುವ ಪದ್ಧತಿ 2022ರ ಸೆಪ್ಟೆಂಬರಿನಲ್ಲಿ ನಿಂತಾಗ, ಹಗಲಿರುಳು ದುಡಿದ ಅಸಂಖ್ಯ ಕಾರ್ಡುಗಳು ಮಾರಾಟಕ್ಕೆ ಬಂದವು. ಅಂಗಡಿಯಲ್ಲಿಯೇ ಒಂದರ್ಧ ಗಂಟೆ ಆಟ ನಡೆಸಿ ತೋರಿಸದ ಹೊರತು, ವಾರಂಟಿ ಉಳಿದಿರದ ಹೊರತು, ಅಂತಹುದಕ್ಕೆ ಕೈ ಹಾಕಬಾರದು. ಹೊಸದಾದರೆ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿಯೊಂದು ಭಾಗದ ಸೀರಿಯಲ್ ನಂಬರನ್ನೂ ಬರೆಯಿಸಬೇಕು. ಬಿಲ್ಲಿಲ್ಲದೆ ಕಡಿಮೆಗೆ ಕೊಡುವೆನೆಂಬ ಮಾತು ವಾರಂಟಿಯನ್ನು ಬಿಟ್ಟುಕೊಡು ಎಂಬುದಕ್ಕೆ ಇನ್ನೊಂದು ಹೆಸರು.

ಎಲ್ಲವೂ ಕೂಡಿಬಂದ ಮೇಲೆ ಮಾನಿಟರಿನ ತಂತಿಯನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಬೇಕು. ಆರಾಣೆ ತೆತ್ತು ತಂದ ಕಾರ್ಡನ್ನು ಸುಮ್ಮನೆ ಕೂರಿಸಿ, ಯಂತ್ರವೇ ನಿಧಾನವೆಂದು ದೂರುವವರುಂಟು. ಪೇಟೆಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಈ ಹಂಚಿಕೆಯನ್ನು ಬರೆದುಕೊಂಡು, ಮೂರು ಅಂಗಡಿಗಳಲ್ಲಿ ಧಾರಣೆಯನ್ನು ವಿಚಾರಿಸಿ, ಮರುದಿನ ಕೊಳ್ಳಿರಿ. ಬೆವರು ಸುರಿಸಿ ಗಳಿಸಿದ ಹಣಕ್ಕೆ ಒಂದು ದಿನದ ತಾಳ್ಮೆ ಹೆಚ್ಚೇನಲ್ಲ.