ಬಜರಿನಲ್ಲಿ ಸರಳೆ ವರಸೆ: ಮಕ್ಕಳ ಕೈಗೊಂದು ವಿದ್ಯೆ

ಪರಸ್ಥಳಗಳಲ್ಲಿ ನೆಲೆಸಿರುವ ನಮ್ಮ ಜನರ ಎಷ್ಟೋ ಮನೆಗಳಲ್ಲಿ ಎರಡು ವಿದ್ಯೆಗಳು ಒಂದೇ ಸೂರಿನ ಕೆಳಗಿದ್ದೂ ಪರಸ್ಪರ ಪರಿಚಯವಿಲ್ಲದೆ ಬಾಳುತ್ತಿವೆ. ಅಜ್ಜಿಗೆ ಸರಳೆ ವರಸೆ ಬರುತ್ತದೆ. ಮೊಮ್ಮಗನಿಗೆ ಕಂಪ್ಯೂಟರ್ ಬರುತ್ತದೆ. ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಬೇಡವಾಗಿದೆ. ಇಬ್ಬರನ್ನೂ ಒಂದೇ ಮೇಜಿನ ಬಳಿ ಕೂರಿಸಬಲ್ಲ ಸುಲಭ ಸಾಧನವೊಂದರ ವಿಚಾರವನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

2021ನೆಯ ಇಸವಿಯ ಜನವರಿಯಲ್ಲಿ ಇಂಗ್ಲೆಂಡಿನ ರಾಸ್ಪ್‌ಬೆರಿ ಪೈ ಸಂಸ್ಥೆಯವರು ‘ಪಿಕೋ’ ಎಂಬ ಪುಟ್ಟ ಫಲಕವನ್ನು 4 ಡಾಲರ್ ಬೆಲೆಗೆ ಹೊರತಂದರು. ಅದರ ಉದ್ದ 51 ಮಿಲಿಮೀಟರ್, ಅಗಲ 21 ಮಿಲಿಮೀಟರ್. ಅದರ ಮೇಲಿರುವ ಮೈಕ್ರೋಕಂಟ್ರೋಲರ್ ಎಂಬುದು ಒಂದೇ ಚಿಪ್ಪಿನಲ್ಲಡಗಿದ ಸಣ್ಣ ಕಂಪ್ಯೂಟರ್. ಇದಕ್ಕೆ ಅಪ್ಪಣೆ ಕೊಡಲು ಪೈಥಾನ್ ಭಾಷೆಯ ಕಿರಿಯ ರೂಪವಾದ ಮೈಕ್ರೋಪೈಥಾನ್ ಇದೆ. ಆಸ್ಟ್ರೇಲಿಯದ ಡೇಮಿಯನ್ ಜಾರ್ಜ್ ಎಂಬವರು 2013ರಲ್ಲಿ ಅದನ್ನು ಆರಂಭಿಸಿದರು. ಅದಕ್ಕೆ ಹಣ ತೆರಬೇಕಾಗಿಲ್ಲ.

ನಾದವನ್ನು ಹೊರಡಿಸುವುದು ಬಜರ್. ಅದರೊಳಗೆ ತೆಳುವಾದ ಲೋಹದ ಬಿಲ್ಲೆಗೆ ಅಂಟಿಸಿದ ವಿಶೇಷ ಪಿಂಗಾಣಿಯ ಪದರವಿರುತ್ತದೆ. ವಿದ್ಯುತ್ತು ತಾಗಿದರೆ ಬಿಲ್ಲೆ ಬಾಗುತ್ತದೆ, ನಿಂತರೆ ನೆಟ್ಟಗಾಗುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಇಲ್ಲಿ ನಡೆಯುವುದು ಅದರ ವಿಲೋಮ ಕ್ರಿಯೆ. ಸೆಕೆಂಡಿಗೆ 240 ಸಲ ವಿದ್ಯುತ್ತನ್ನು ಕೊಟ್ಟು ಬಿಟ್ಟರೆ 240 ಕಂಪನಗಳ ನಾದ ಹೊರಡುತ್ತದೆ. ಅಂಗಡಿಯಲ್ಲಿ ‘ಪ್ಯಾಸಿವ್’ ಬಜರನ್ನೇ ಕೇಳಿ ಪಡೆಯತಕ್ಕದ್ದು. ‘ಆಕ್ಟಿವ್’ ಎಂಬುದು ತನ್ನದೇ ಆದ ಒಂದೇ ನಾದವನ್ನು ಕೂಗುತ್ತದೆಯೇ ಹೊರತು ಸ್ವರ ನುಡಿಸದು.

ಇನ್ನು ಸ್ವರಗಳ ಮಾತು. ಪುರಂದರದಾಸರು ಹಾಕಿಕೊಟ್ಟ ಪದ್ಧತಿಯೆಂದು ಪರಂಪರೆಯು ನಂಬಿರುವ ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಸುವರಷ್ಟೆ. ಷಡ್ಜವನ್ನು 240 ಎಂದಿಟ್ಟುಕೊಂಡರೆ ಲೆಕ್ಕವು ಬಹು ಸೊಗಸಾಗಿ ಕೂಡುತ್ತದೆ. ಋಷಭ 256, ಗಾಂಧಾರ 300, ಮಧ್ಯಮ 320, ಪಂಚಮ 360, ಧೈವತ 384, ನಿಷಾದ 450, ಮೇಲಿನ ಷಡ್ಜ 480. ಒಂದರಲ್ಲೂ ಭಿನ್ನರಾಶಿಯಿಲ್ಲ. ಪಂಚಮವು ಷಡ್ಜದ ಒಂದೂವರೆಯಷ್ಟು, ತಾರಷಡ್ಜವು ಎರಡರಷ್ಟು ಎಂಬುದನ್ನು ಮಗುವು ಕಿವಿಯಿಂದಲೂ ಕಲಿಯುತ್ತದೆ, ಲೆಕ್ಕದಿಂದಲೂ ಕಲಿಯುತ್ತದೆ. ಇದೇ ಷಡ್ಜಕ್ಕೆ ಇಂದಿನ ಹಾರ್ಮೋನಿಯಂ ಕೊಡುವ ಗಾಂಧಾರವು 302ನ್ನು ಮೀರಿರುತ್ತದೆ. ಎರಡನ್ನೂ ನುಡಿಸಿ ಕೇಳಿದರೆ ಭೇದವು ತಾನೇ ತಿಳಿಯುವುದು.

ಜೋಡಣೆ ಕಷ್ಟವಲ್ಲ. ಪಿನ್ನುಗಳನ್ನು ಮೊದಲೇ ಬೆಸುಗೆ ಹಾಕಿರುವ ಫಲಕವನ್ನು ಕೊಂಡರೆ ಎರಡು ತಂತಿಗಳು ಸಾಕು. ಬಜರಿನ ಒಂದು ಕಾಲು ‘ಜಿಪಿ 15’ ಪಿನ್ನಿಗೆ, ಇನ್ನೊಂದು ‘ಗ್ರೌಂಡ್’ ಪಿನ್ನಿಗೆ. ಪಿನ್ನಿನಿಂದ ಬರುವುದು ಬರಿಯ 3.3 ವೋಲ್ಟ್, ಆದುದರಿಂದ ತಾಯಂದಿರು ಅಂಜಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ‘ಥಾನಿ’ ಎಂಬ ಉಚಿತ ತಂತ್ರಾಂಶವನ್ನು ತೆರೆದು ಸ್ವರಗಳ ಪಟ್ಟಿಯನ್ನು ಬರೆದು, ಪ್ರತಿ ಸ್ವರಕ್ಕೂ ಮೂರು ಅಪ್ಪಣೆಗಳನ್ನು ಕೊಟ್ಟರಾಯಿತು. ‘ಫ್ರೀಕ್’ ಎಂಬುದು ಕಂಪನದ ಸಂಖ್ಯೆ. ‘ಡ್ಯೂಟಿ’ ಎಂಬುದು ಪ್ರತಿ ಕಂಪನದಲ್ಲಿ ವಿದ್ಯುತ್ತು ಇರುವ ಪಾಲು. ‘ಸ್ಲೀಪ್’ ಎಂಬುದು ಸ್ವರವನ್ನು ಹಿಡಿದಿಡುವ ಕಾಲ. ಡ್ಯೂಟಿಯ ಪೂರ್ಣಪ್ರಮಾಣ 65535. ಅರ್ಧದಷ್ಟು, ಎಂದರೆ 32768 ಇಟ್ಟರೆ ನಾದವು ಚೆನ್ನಾಗಿ ಕೇಳುತ್ತದೆ. ಸೊನ್ನೆ ಇಟ್ಟರೆ ಮೌನ.

ಆದಿತಾಳದ ಎಂಟು ಅಕ್ಷರಗಳಿಗೆ ಎಂಟು ಸ್ವರಗಳು. ಅಕ್ಷರಕ್ಕೆ 800 ಮಿಲಿಸೆಕೆಂಡ್ ಇಟ್ಟರೆ ಒಂದನೆಯ ಕಾಲ. ಆ ಒಂದೇ ಅಂಕಿಯನ್ನು 400 ಮಾಡಿದರೆ ಎರಡನೆಯ ಕಾಲ, 200 ಮಾಡಿದರೆ ಮೂರನೆಯದು. ಆದರೆ ಜಂಟಿ ವರಸೆಗೆ ಬಂದೊಡನೆ ತೊಡಕು ತಲೆದೋರುವುದು. ಎರಡು ಷಡ್ಜಗಳು ಕೂಡಿಕೊಂಡು ಒಂದೇ ನೀಳವಾದ ಷಡ್ಜವಾಗಿ ಕೇಳುತ್ತವೆ. ಪ್ರತಿ ಸ್ವರದ ಕಡೆಯಲ್ಲಿ 30 ಮಿಲಿಸೆಕೆಂಡಿನಷ್ಟು ಮೌನವನ್ನಿಟ್ಟು, ಅಷ್ಟನ್ನು ಸ್ವರದ ಕಾಲದಿಂದ ಕಳೆದರೆ ತಾಳ ಕೆಡದೆ ಜಂಟಿ ಸ್ವರಗಳು ಬಿಡಿಬಿಡಿಯಾಗುತ್ತವೆ. ಮೌನವನ್ನೂ ಬರೆದಿಡಬೇಕೆಂಬ ಈ ಪಾಠ ಸಂಗೀತಕ್ಕೂ ಸಲ್ಲುತ್ತದೆ, ಯಂತ್ರಕ್ಕೂ ಸಲ್ಲುತ್ತದೆ.

ಈ ಯಂತ್ರಕ್ಕೆ ಕಿವಿಯಿಲ್ಲ ಎಂಬುದನ್ನು ಮರೆಯಲಾಗದು. ಹುಡುಗನು ಋಷಭಕ್ಕೆ 256ರ ಬದಲು 270 ಎಂದು ಬರೆದರೆ ಅದು ನಿಸ್ಸಂಕೋಚವಾಗಿ ನುಡಿಸುತ್ತದೆ, ಕಂಪ್ಯೂಟರು ತಪ್ಪೆನ್ನುವುದಿಲ್ಲ. ‘ಇದು ಶಂಕರಾಭರಣದ ರಿಷಭವಾಯಿತಲ್ಲೋ ಮಗೂ’ ಎನ್ನಬಲ್ಲವರು ಒಳಗಿನ ಕೋಣೆಯಲ್ಲಿ ಕುಳಿತಿರುವ ಅಜ್ಜಿಯೇ. ಗಮಕವಂತೂ ಇದಕ್ಕೆ ಸುಲಭವಾಗಿ ಒಗ್ಗದು. ಕಂಪನದ ಸಂಖ್ಯೆಯನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಏರಿಸಿ ಇಳಿಸಿ ಅದರ ನೆರಳನ್ನಷ್ಟೇ ತರಬಹುದು. ಎಷ್ಟು ಏರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಪುನಃ ಹಾಡಬಲ್ಲವರನ್ನೇ ಕೇಳಬೇಕು. ಹೀಗೆ ಕೇಳುವಾಗ ಮಗುವು ಯಾವ ಭಾಷೆಯಲ್ಲಿ ಕೇಳೀತು? ಶಾಲೆಯಲ್ಲಿ ಮರಾಠಿ, ತಮಿಳು, ಹಿಂದಿ, ಇಂಗ್ಲಿಷುಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡವು ಉಪದೇಶದಿಂದ ಬಾರದು; ಕನ್ನಡದಲ್ಲೇ ಆಗಬೇಕಾದ ಕೆಲಸವೊಂದಿದ್ದರೆ ಬಂದೀತು.

ಸಾಮಾನುಗಳು ದೂರದಲ್ಲಿಲ್ಲ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದೆಹಲಿಯ ಲಜಪತ್ ರಾಯ್ ಮಾರ್ಕೆಟ್ಟುಗಳಲ್ಲಿ ಇಂತಹ ಸರಕಿನ ಅಂಗಡಿಗಳಿವೆ. ನಾಟಕ, ಸನ್ಮಾನ, ವಾರ್ಷಿಕೋತ್ಸವಗಳಿಗೆ ಧಾರಾಳವಾಗಿ ವೆಚ್ಚಮಾಡುವ ನಮ್ಮ ಸಂಘಸಂಸ್ಥೆಗಳು ನಾಲ್ಕಾರು ಫಲಕಗಳನ್ನು ಕೊಂಡು, ಭಾನುವಾರಕ್ಕೊಮ್ಮೆ ಒಬ್ಬ ಇಂಜಿನಿಯರನನ್ನೂ ಒಬ್ಬ ಸಂಗೀತದ ಮಾತೆಯನ್ನೂ ಮಕ್ಕಳೊಡನೆ ಕೂರಿಸಿದರೆ ಆ ಹಣ ವ್ಯರ್ಥವಾಗದು. ಬರುವ ವಾರ್ಷಿಕೋತ್ಸವದ ಪ್ರಾರ್ಥನೆಗೆ ಮುನ್ನ ಮಕ್ಕಳ ಬಜರುಗಳು ಸರಳೆ ವರಸೆಯನ್ನು ನುಡಿಸಲಿ. ಶ್ರುತಿ ತಪ್ಪಿದರೆ ತಿದ್ದಲು ಹಿರಿಯರು ಮುಂದಿನ ಸಾಲಿನಲ್ಲಿ ಇದ್ದೇ ಇರುತ್ತಾರೆ.